ವಿಮಾನದ ಮೂತಿಯಲ್ಲೊಂದು ಕಣ್ಣು

ಬೇಸಗೆಯ ಬೆಂಗಳೂರಿಗೆ ಸಂಜೆಯ ಮಳೆ ಹೊಸದಲ್ಲ. ಮಧ್ಯಾಹ್ನದವರೆಗೆ ತಿಳಿಯಾಗಿದ್ದ ಆಕಾಶದಲ್ಲಿ ಮೂರು ನಾಲ್ಕು ಗಂಟೆಯ ವೇಳೆಗೆ ಕರಿಮೋಡಗಳು ದಟ್ಟೈಸುತ್ತವೆ. ಬಿರುಗಾಳಿ ಧೂಳೆಬ್ಬಿಸುತ್ತದೆ. ಒಮ್ಮೊಮ್ಮೆ ಬಸವನಗುಡಿ, ಚಾಮರಾಜಪೇಟೆಗಳ ಹಳೆಯ ಹೆಂಚಿನ ಮನೆಗಳ ಮೇಲೆ ಆಲಿಕಲ್ಲುಗಳು ಪಟಪಟನೆ ಉದುರುತ್ತವೆ. ಮಲ್ಲೇಶ್ವರದ ಮಕ್ಕಳು ಅಂಗಳಕ್ಕೆ ಓಡಿ ಅವನ್ನು ಬೊಗಸೆಯಲ್ಲಿ ತುಂಬಿಕೊಂಡು ನಲಿಯುತ್ತಾರೆ. ರೈತರು ಅಶ್ವಿನಿ, ಭರಣಿ ಎಂದು ಹೆಸರಿಟ್ಟು ಕಾಯುವ ಮಳೆಗಳಿವು. ಆದರೆ ಅದೇ ಹೊತ್ತಿನಲ್ಲಿ ದೇವನಹಳ್ಳಿಯ ಬಳಿಯ ವಿಮಾನನಿಲ್ದಾಣದತ್ತ ಬರುತ್ತಿರುವ ವಿಮಾನದ ಚಾಲಕರಿಗೆ ಆ ಮೋಡ ನಲಿವಿನ ವಸ್ತುವಲ್ಲ. ನೂರಾರು ಜನರ ಪ್ರಾಣ ಅವರ ಕೈಯಲ್ಲಿರುತ್ತದೆ.

ಇಂಥ ಗುಡುಗುಮೋಡದ ನೆತ್ತಿ 12ರಿಂದ 15 ಕಿಲೋಮೀಟರು ಎತ್ತರವನ್ನು ಮುಟ್ಟಬಲ್ಲದು. ಜೆಟ್ ವಿಮಾನಗಳು ಸಾಮಾನ್ಯವಾಗಿ 10ರಿಂದ 12 ಕಿಲೋಮೀಟರು ಎತ್ತರದಲ್ಲಿ ಹಾರುವುದರಿಂದ ಅದನ್ನು ಮೇಲಿನಿಂದ ದಾಟುವುದು ಅನೇಕ ವೇಳೆ ಸಾಧ್ಯವಿಲ್ಲ. ಮೋಡದೊಳಗೆ ಮೇಲ್ಮುಖವಾಗಿ ನುಗ್ಗುವ ಗಾಳಿ ನೀರಹನಿಗಳನ್ನು ಕೊರೆಯುವ ಚಳಿಯ ಎತ್ತರಕ್ಕೆ ಒಯ್ಯುತ್ತದೆ. ಅಲ್ಲಿ ಹೆಪ್ಪುಗಟ್ಟಿದ ಕಣಕ್ಕೆ ಬೇರೆ ಹನಿಗಳು ತಾಗಿ, ಪದರದ ಮೇಲೆ ಪದರವಾಗಿ ಗಟ್ಟಿಯಾಗುತ್ತವೆ. ಗಾಳಿ ಹೊರಲಾರದಷ್ಟು ಭಾರವಾದಾಗ ಆ ಕಣ ಆಲಿಕಲ್ಲಾಗಿ ಬೀಳುತ್ತದೆ. ನಿಮಿಷಕ್ಕೆ ಸುಮಾರು 13 ಕಿಲೋಮೀಟರು ವೇಗದಲ್ಲಿ ಹಾರುವ ವಿಮಾನಕ್ಕೆ ಅಂಥ ಕಲ್ಲು ಎದುರಾದರೆ ಗಾಜು ಬಿರಿಯಬಹುದು, ಮೂತಿ ಜಜ್ಜಿಹೋಗಬಹುದು, ಎಂಜಿನ್ನಿಗೆ ಹಾನಿಯಾಗಬಹುದು.

ಈ ಅಪಾಯವನ್ನು ದೂರದಿಂದಲೇ ಕಾಣುವ ಸಾಧನ ರೇಡಾರ್. ಎರಡನೆಯ ಮಹಾಯುದ್ಧದ ಕಾಲದಲ್ಲಿ ಶತ್ರುವಿಮಾನಗಳನ್ನು ಹುಡುಕುತ್ತಿದ್ದವರಿಗೆ ಮಳೆಯ ಗುರುತುಗಳು ತೆರೆಯ ಮೇಲೆ ಮೂಡಿ ತೊಡಕಾಗುತ್ತಿದ್ದವು. ಆ ತೊಡಕೇ ಮುಂದೆ ಉಪಕಾರವಾಯಿತು. ವಿಮಾನದ ಮೂತಿ ಲೋಹದ್ದಲ್ಲ. ರೇಡಿಯೋ ಅಲೆಗಳನ್ನು ತಡೆಯದ ವಸ್ತುವಿನಿಂದ ಮಾಡಿದ ಒಂದು ಟೊಪ್ಪಿಗೆ. ಅದರ ಹಿಂದೆ ಅತ್ತಿತ್ತ ತಿರುಗುವ ಆಂಟೆನಾ ಇರುತ್ತದೆ. ಅದು ಸುಮಾರು 3 ಸೆಂಟಿಮೀಟರು ಉದ್ದದ ರೇಡಿಯೋ ಅಲೆಗಳನ್ನು ಮುಂದಕ್ಕೆ ಕಳಿಸುತ್ತದೆ. ಬೆಟ್ಟದೆದುರು ಕೂಗಿದ ಕೂಗು ಮಾರ್ದನಿಯಾಗಿ ಮರಳುವಂತೆ, ಮಳೆಹನಿಗಳಿಗೆ ತಾಗಿದ ಅಲೆಯ ಒಂದಂಶ ಹಿಂದಿರುಗುತ್ತದೆ. ಅಲೆಯ ವೇಗ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರು. ಆದುದರಿಂದ 60 ಕಿಲೋಮೀಟರು ದೂರದ ಮೋಡವನ್ನು ಮುಟ್ಟಿ ಮರಳಲು ಅದಕ್ಕೆ ಸೆಕೆಂಡಿನ ಹತ್ತು ಸಾವಿರ ಪಾಲುಗಳಲ್ಲಿ ನಾಲ್ಕು ಪಾಲು ಸಾಕು. ಈ ಕಾಲದಿಂದ ದೂರವೂ, ಮರಳಿದ ಅಲೆಯ ಬಲದಿಂದ ಮಳೆಯ ಬಿರುಸೂ ತಿಳಿಯುತ್ತದೆ. ಹನಿಯ ಅಡ್ಡಳತೆ ಎರಡರಷ್ಟಾದರೆ ಅದು ಮರಳಿಸುವ ಅಲೆಯ ಬಲ 64ರಷ್ಟಾಗುತ್ತದೆ. ತೆರೆಯ ಮೇಲೆ ಹಸುರು ತೆಳುಮಳೆಯನ್ನೂ, ಹಳದಿ ಸಾಧಾರಣ ಮಳೆಯನ್ನೂ, ಕೆಂಪು ಬಿರುಮಳೆಯನ್ನೂ ಸೂಚಿಸುತ್ತವೆ.

ಆದರೆ ಈ ಕಣ್ಣಿಗೂ ಮಿತಿಯುಂಟು. ಅದು ನೀರನ್ನು ಚೆನ್ನಾಗಿ ಕಾಣುತ್ತದೆ. ಒಣ ಮಂಜುಗಡ್ಡೆಯನ್ನು ಅಷ್ಟಾಗಿ ಕಾಣದು. ಮೋಡದ ನೆತ್ತಿಯಲ್ಲಿರುವ ಒಣ ಆಲಿಕಲ್ಲು ತೆರೆಯ ಮೇಲೆ ಮಸುಕಾಗಿ ಮೂಡಬಹುದು. ಆದ್ದರಿಂದ ಚಾಲಕರು ಆಂಟೆನಾವನ್ನು ತುಸು ಕೆಳಕ್ಕೆ ಬಾಗಿಸಿ ಮೋಡದ ತೇವಭರಿತ ನಡುಭಾಗವನ್ನು ಪರೀಕ್ಷಿಸುತ್ತಾರೆ. ಇನ್ನೊಂದು ಮಿತಿ ಇದಕ್ಕಿಂತ ಮೋಸಕರವಾದುದು. ಎದುರಿನ ಬಿರುಮಳೆಯೇ ಅಲೆಗಳನ್ನು ಹೀರಿಬಿಟ್ಟರೆ ಅದರ ಹಿಂದಿನ ಮಳೆ ಕಾಣಿಸುವುದಿಲ್ಲ. ತೆರೆಯ ಮೇಲೆ ಅಲ್ಲಿ ಬರಿಯ ಕಪ್ಪು. ಆ ಕಪ್ಪು ಬಯಲೆಂದು ಭ್ರಮಿಸುವುದು ಸುಲಭ.

1977ರ ಏಪ್ರಿಲ್ 4ರಂದು ಅಮೆರಿಕದ ಜಾರ್ಜಿಯಾ ರಾಜ್ಯದ ಮೇಲೆ ಸದರ್ನ್ ಏರ್‌ವೇಸ್ ಸಂಸ್ಥೆಯ ವಿಮಾನವೊಂದು ಹೀಗೆಯೇ ಬಿರುಮಳೆಗೆ ಸಿಲುಕಿತು. ಚಾಲಕರು ರೇಡಾರನ್ನು ನಂಬಿ ಮಳೆಯ ನಡುವೆ ಹಾದಿ ಹುಡುಕುತ್ತಿದ್ದರು. ನೀರೂ ಆಲಿಕಲ್ಲೂ ನುಗ್ಗಿ ಎರಡು ಎಂಜಿನ್ನುಗಳೂ ಶಕ್ತಿ ಕಳೆದುಕೊಂಡವು. ಹೆದ್ದಾರಿಯ ಮೇಲೆ ಇಳಿಯಲು ಅವರು ಮಾಡಿದ ಸಾಹಸ ಫಲಿಸಲಿಲ್ಲ. ವಿಮಾನದಲ್ಲಿದ್ದ 63 ಮಂದಿ, ನೆಲದ ಮೇಲಿದ್ದ 9 ಮಂದಿ ಪ್ರಾಣ ಕಳೆದುಕೊಂಡರು. ರೇಡಾರ್ ಇರುವುದು ಬಿರುಗಾಳಿಯನ್ನು ಬಳಸಿ ಹೋಗಲು, ಅದನ್ನು ತೂರಿ ಹೋಗಲು ಅಲ್ಲವೆಂಬ ಪಾಠವನ್ನು ಜಗತ್ತು ಹೀಗೆ ಕಲಿಯಿತು.

ಭಾರತದಲ್ಲಿಯೂ 2025ರ ಮೇ 21ರಂದು ದೆಹಲಿಯಿಂದ ಶ್ರೀನಗರಕ್ಕೆ 220ಕ್ಕೂ ಹೆಚ್ಚು ಮಂದಿಯನ್ನು ಹೊತ್ತು ಹೊರಟ ಇಂಡಿಗೋ ವಿಮಾನವೊಂದು ಆಲಿಕಲ್ಲಿನ ಮಳೆಗೆ ಸಿಕ್ಕಿತು. ಬಳಸುದಾರಿಗೆ ಚಾಲಕರು ಕೇಳಿದ ಅನುಮತಿ ದೊರೆಯಲಿಲ್ಲ. ಹಿಂದಿರುಗೋಣವೆಂದರೆ ಮೋಡ ಆಗಲೇ ಹತ್ತಿರ ಬಂದಿತ್ತು. ವಿಮಾನದ ಮೂತಿ ಒಡೆದುಹೋಯಿತು. ಆದರೂ ಚಾಲಕರು ಧೃತಿಗೆಡದೆ ಎಲ್ಲರನ್ನೂ ಕ್ಷೇಮವಾಗಿ ಇಳಿಸಿದರು. ಬಳಸುದಾರಿಯ ಬೆಲೆ ಎಷ್ಟೆಂಬುದು ಅದು ದೊರೆಯದಾಗಲೇ ತಿಳಿಯುವುದು.

ಆದುದರಿಂದಲೇ ತೀವ್ರವಾದ ಗುಡುಗುಮೋಡದಿಂದ ಕನಿಷ್ಠ 20 ನಾವಿಕ ಮೈಲಿ, ಎಂದರೆ ಸುಮಾರು 37 ಕಿಲೋಮೀಟರು ದೂರವಿರಬೇಕೆಂಬುದು ಚಾಲಕರಿಗೆ ಕಲಿಸುವ ಪಾಠ. ವಿಮಾನದ ಕಣ್ಣಿಗೆ ನೆಲದ ಕಣ್ಣುಗಳ ನೆರವೂ ಉಂಟು. ನೆಲದ ಮೇಲಿನ ದೊಡ್ಡ ಹವಾಮಾನ ರೇಡಾರುಗಳಲ್ಲಿ ಹಲವು 10 ಸೆಂಟಿಮೀಟರಿನಷ್ಟು ಉದ್ದದ ಅಲೆಗಳನ್ನು ಬಳಸುತ್ತವೆ. ಇವು ಬಿರುಮಳೆಯನ್ನೂ ಭೇದಿಸಿ ಅದರ ಹಿಂದಿರುವುದನ್ನು ಕಾಣಬಲ್ಲವು. ಅಂಥ ರೇಡಾರುಗಳನ್ನು ತಯಾರಿಸುವ ಸಂಸ್ಥೆಗಳಲ್ಲಿ 1954ರಲ್ಲಿ ಸ್ಥಾಪಿತವಾದ, ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯೂ ಒಂದು.

ಮಳೆಯ ಸಂಜೆಗಳಲ್ಲಿ ಬೆಂಗಳೂರಿಗೆ ಬರಬೇಕಾದ ವಿಮಾನಗಳು ಆಕಾಶದಲ್ಲೇ ಸುತ್ತುತ್ತ ಕಾಯುವುದೂ, ಕೆಲವು ಚೆನ್ನೈಗೆ ತಿರುಗುವುದೂ ಉಂಟು. ಊರಿನ ದೀಪಗಳ ಹತ್ತಿರ ಬಂದು ದೂರ ಸರಿಯುವಾಗ ಪ್ರಯಾಣಿಕರು ಬೇಸರಗೊಳ್ಳುವುದು ಸಹಜ. ಆದರೆ ಬಾಗಿಲಲ್ಲಿ ಕಾಯುತ್ತಿರುವ ಮನೆಯವರಿಗೆ ಬೇಕಾದುದು ವಿಮಾನ ಬೇಗ ಬರುವುದಲ್ಲ, ತಮ್ಮವರು ಮರಳಿ ಬರುವುದು. ಯಂತ್ರ ದಾರಿಯ ಅಪಾಯವನ್ನು ತೋರಿಸೀತು. ದಾರಿಯನ್ನು ಬದಲಿಸುವ ವಿವೇಕ ಮಾತ್ರ ಮನುಷ್ಯನದೇ.