ವಾಟರ್‌ಪ್ರೂಫ್ ಸಾಕ್ಸ್ ಹಾಕಿದರೆ ಕಾಲು ಒದ್ದೆಯಾಗುವುದಿಲ್ಲವೇ?

ಮಳೆಗಾಲದಲ್ಲಿ ಮುಳ್ಳೋಡಿಯಿಂದ ಕುದುರೆಮುಖ ಹತ್ತುವವರಿಗೆ ದಾರಿಯಲ್ಲಿ ಹಳ್ಳಗಳು ಅಡ್ಡ ಸಿಗುತ್ತವೆ. ಇಂಥ ಚಾರಣಕ್ಕೆಂದೇ ಅನೇಕರು ದುಬಾರಿ ವಾಟರ್‌ಪ್ರೂಫ್ ಸಾಕ್ಸ್ ಕೊಳ್ಳುತ್ತಾರೆ. ಇನ್ನು ಕಾಲು ಒದ್ದೆಯಾಗುವ ಚಿಂತೆಯೇ ಇಲ್ಲ ಎಂಬುದು ಅವರ ನಂಬಿಕೆ. ಅದು ಅರ್ಧ ಮಾತ್ರ ನಿಜ.

ಈ ಕಾಲುಚೀಲಕ್ಕೆ ಸಾಮಾನ್ಯವಾಗಿ ಮೂರು ಪದರ. ಹೊರಗೆ ಸವೆತ ತಾಳುವ ನೈಲಾನ್ ಹೆಣಿಗೆ, ಒಳಗೆ ಉಣ್ಣೆ ಅಥವಾ ಕೃತಕ ನೂಲು, ನಡುವೆ ತೆಳ್ಳನೆಯ ಪೊರೆ. ಬೂಟು ಪೂರ್ತಿ ತೊಯ್ದರೂ ಕೆಸರಿನ ನೀರು, ಹುಲ್ಲಿನ ಮೇಲಿನ ಹನಿ ಪೊರೆ ದಾಟಿ ಪಾದಕ್ಕೆ ತಾಗುವುದಿಲ್ಲ. ಆದರೆ ಹಳ್ಳದ ನೀರು ಚೀಲದ ಬಾಯಿಗಿಂತ ಮೇಲೇರಿತೋ, ಅದೇ ಪೊರೆ ಕಾಟವಾಗುತ್ತದೆ. ಒಳಗೆ ನುಗ್ಗಿದ ನೀರಿಗೆ ಹೊರಗೆ ದಾರಿಯಿಲ್ಲ. ಬೂಟು ಬಿಚ್ಚಿ ಚೀಲ ಕಳಚಿ ಸುರಿಯಬೇಕು. ಸಾದಾ ಉಣ್ಣೆಯದಾದರೆ ನಡೆಯುತ್ತಲೇ ಬಹುಪಾಲು ನೀರು ಹಿಂಡಿಹೋಗುತ್ತದೆ. ಹಾಗಾಗಿ ಬಣ್ಣ, ಬ್ರ್ಯಾಂಡ್ ನೋಡುವ ಮೊದಲು ಎತ್ತರ ನೋಡಿ. ಮೊಣಕಾಲು ಮುಳುಗುವ ಹಳ್ಳಗಳಿರುವ ದಾರಿಗೆ ಸಾದಾ ಉಣ್ಣೆಯ ಎರಡು ಜೊತೆಯೇ ವಾಸಿ ಎಂಬುದು ನನ್ನ ಖಚಿತ ಅಭಿಪ್ರಾಯ.

‘ಹೊಸದೇ, ಆದರೂ ಸೋರುತ್ತಿದೆ’ ಎಂಬ ದೂರು ಸಾಮಾನ್ಯ. ಎಷ್ಟೋ ಸಲ ಅದು ಹೊರಗಿನ ನೀರಲ್ಲ, ಬೆವರು. ಒಳಗಿನ ಆವಿ ಪೊರೆಯ ಮೂಲಕ ಹೊರಹೋಗಬೇಕಾದರೆ ಆಚೆ ಕಡೆ ತೇವ ಕಡಿಮೆಯಿರಬೇಕು. ಬೂಟಿನೊಳಗೇ ನೀರು ತುಂಬಿರುವಾಗ ಆವಿ ಹೋಗುವುದಾದರೂ ಎಲ್ಲಿಗೆ? ಅನುಮಾನವಿದ್ದರೆ ಚೀಲದೊಳಗೆ ಕೈ ತೂರಿಸಿ, ಬಾಯಿಯ ಅಂಚು ಮುಳುಗದಂತೆ ಬಕೆಟ್ ನೀರಿನಲ್ಲಿ ಅದ್ದಿ ಹಿಡಿಯಿರಿ. ಕೈ ಒದ್ದೆಯಾಗದಿದ್ದರೆ ಪೊರೆ ಚೆನ್ನಾಗಿದೆ. ಕಾಲಿನ ಉಗುರು ಉದ್ದವಿದ್ದರೆ ಪೊರೆ ಹರಿಯಬಹುದು, ಕತ್ತರಿಸಿಕೊಂಡೇ ಹಾಕಿ.

ಇಂಥದೇ ಪೊರೆಯಿರುವ ಗೋರ್‌ಟೆಕ್ಸ್ ಬೂಟಿನ ಜೊತೆಗೆ ಈ ಸಾಕ್ಸೂ ಇದ್ದರೆ ಇಮ್ಮಡಿ ರಕ್ಷಣೆ ಎಂದುಕೊಳ್ಳುವವರಿದ್ದಾರೆ. ಆಗ ಬೆವರು ಒಂದಲ್ಲ, ಎರಡು ಪೊರೆ ದಾಟಬೇಕಾಗುತ್ತದೆ. ಈ ಸಾಕ್ಸಿಗೆ ಒಪ್ಪುವುದು ನೀರು ಬೇಗ ಬಸಿದುಹೋಗುವ ಜಾಲರಿಯ ಶೂ.

ಇಂಬಳದ ವಿಷಯ. ಅದು ಈ ಪೊರೆಯನ್ನು ಕಚ್ಚಿ ತೂರದು ನಿಜ, ಆದರೆ ಚೀಲದ ಮೇಲೇ ಹತ್ತಿ ಮೀನಖಂಡಕ್ಕೆ ಅಂಟುತ್ತದೆ. ಅದಕ್ಕೆ ಬೇಕಾದದ್ದು ಮೊಣಕಾಲಿನವರೆಗೆ ಏರಿಸಿ ಕಟ್ಟುವ ಒತ್ತು ನೇಯ್ಗೆಯ ಲೀಚ್ ಸಾಕ್ಸ್. ಅದೇ ಬೇರೆ, ಇದೇ ಬೇರೆ.

ಎಲ್ಲಕ್ಕಿಂತ ಅಪಾಯಕಾರಿ ನಂಬಿಕೆ, ಹಿಮ ಬಿದ್ದರಷ್ಟೇ ಕಾಲಿಗೆ ಕೇಡು ಎಂಬುದು. ಮೊದಲ ಮಹಾಯುದ್ಧದ ವೇಳೆ, 1914–15ರ ಚಳಿಗಾಲದಲ್ಲಿ ಫ್ಲಾಂಡರ್ಸ್‌ನ ಕೆಸರು ತುಂಬಿದ ಕಂದಕಗಳಲ್ಲಿ ಸಾವಿರಾರು ಸೈನಿಕರ ಪಾದ ಮರಗಟ್ಟಿ, ಊದಿ, ಕೆಲವರದು ಕೊಳೆತೂ ಹೋಯಿತು. ‘ಟ್ರೆಂಚ್ ಫೂಟ್’ ಎಂಬ ಹೆಸರು ಬಂದದ್ದು ಆ ಯುದ್ಧದಲ್ಲಿ. ನೀರು ಹೆಪ್ಪುಗಟ್ಟುವ ಚಳಿಯೇನೂ ಇದಕ್ಕೆ ಬೇಡ. 10–15 ಡಿಗ್ರಿ ಸೆಲ್ಸಿಯಸ್‌ನಲ್ಲೂ ಪಾದ ಬಹಳ ಹೊತ್ತು ಒದ್ದೆಯಾಗಿದ್ದರೆ ಸಾಕು. ಬ್ರಿಟಿಷ್ ಸೇನೆ ಕಂಡುಕೊಂಡ ದಾರಿ ಸರಳವಾಗಿತ್ತು: ದಿನವೂ ಪಾದ ತಪಾಸಣೆ, ತಿಮಿಂಗಿಲದ ಎಣ್ಣೆ ಸವರುವುದು, ಒಣ ಕಾಲುಚೀಲಕ್ಕೆ ಬದಲಾಯಿಸುವುದು.

ಬೆಂಗಳೂರಿನಿಂದ ಹಿಮಾಚಲದ ಹಂಪ್ತಾ ಪಾಸಿಗೆ ಹೋಗುವವರು ಇದನ್ನು ನೆನಪಿಡಬೇಕು. ಕರಗುತ್ತಿರುವ ಹಿಮದ ರಾಡಿಯಲ್ಲಿ ನಡೆಯುವಾಗ ವಾಟರ್‌ಪ್ರೂಫ್ ಸಾಕ್ಸ್ ನಿಜಕ್ಕೂ ಕೈಹಿಡಿಯುತ್ತದೆ. ಆದರೆ ಬೆಚ್ಚಗಿರಲೆಂದು ಬಿಗಿ ಬೂಟಿನೊಳಗೆ ಎರಡು ಜೊತೆ ತುರುಕಬೇಡಿ. ರಕ್ತಸಂಚಾರ ಕುಗ್ಗಿ ಕಾಲು ಇನ್ನಷ್ಟು ತಣ್ಣಗಾಗುತ್ತದೆ. ವಾಟರ್‌ಪ್ರೂಫ್ ಸಾಕ್ಸ್ ಸಾದಾ ಸಾಕ್ಸಿಗಿಂತ ದಪ್ಪ, ಆದ್ದರಿಂದ ಅಂಗಡಿಯಲ್ಲಿ ಇದನ್ನು ಹಾಕಿಕೊಂಡೇ ಬೂಟಿನ ಅಳತೆ ನೋಡಿ, ಬೆರಳು ಆಡಿಸಲು ಜಾಗವಿರಲಿ. ಡೇರೆ ತಲುಪಿದ ಕೂಡಲೇ ಕಳಚಿ, ಬೆರಳ ಸಂದು ಒರೆಸಿ, ಮಲಗಲಿಕ್ಕೆಂದೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟ ಒಣ ಉಣ್ಣೆಯ ಜೊತೆಯನ್ನು ಹಾಕಿಕೊಳ್ಳಿ.