ಮರಳು ನೀರಾಗಿ ಹರಿದಾಗ

1964ರ ಜೂನ್ 16ರಂದು ಜಪಾನಿನ ನಿಗಾಟಾ ನಗರವನ್ನು ಭೂಕಂಪವು ನಡುಗಿಸಿತು. ಶಿನಾನೊ ನದಿಯ ಬಳಿಯ ಕವಗಿಶಿಚೊ ಎಂಬಲ್ಲಿ ನಾಲ್ಕು ಅಂತಸ್ತಿನ ವಸತಿಗೃಹಗಳು ಸಾಲಾಗಿ ನಿಂತಿದ್ದುವು. ಅವುಗಳಲ್ಲಿ ಕೆಲವು ಮೆಲ್ಲನೆ ವಾಲಿದುವು. ಒಂದಂತೂ ಬೆನ್ನ ಮೇಲೆ ಮಲಗಿದಂತೆ ಉರುಳಿತು. ಗೋಡೆಗಳು ಮಾತ್ರ ಬಹುಮಟ್ಟಿಗೆ ಹಾಗೆಯೇ ಉಳಿದಿದ್ದುವು. ಸೋತದ್ದು ಕಟ್ಟಡವನ್ನು ಹೊತ್ತಿದ್ದ ನೆಲ.

ಇದರ ಮರ್ಮವೇನು? ಸೇರಿಗೆ ಅಕ್ಕಿ ತುಂಬಿ ಕುಲುಕಿದರೆ ಕಾಳುಗಳು ಇಳಿದು ಒತ್ತಾಗುವುದನ್ನು ಗೃಹಿಣಿಯರೆಲ್ಲರೂ ಬಲ್ಲರು. ಭೂಮಿ ಅಲುಗಿದಾಗ ಸಡಿಲವಾದ ಮರಳೂ ಹಾಗೆಯೇ ಒತ್ತಾಗಲು ಹವಣಿಸುತ್ತದೆ. ಆದರೆ ನದೀತೀರದ ಮರಳಿನ ಸಂದುಗಳ ತುಂಬ ನೀರು. ಕೆಲವೇ ಕ್ಷಣಗಳಲ್ಲಿ ಅದು ಹೊರಹೋಗಲಾರದು. ಕಣಗಳು ಹೊತ್ತಿದ್ದ ಭಾರ ನೀರಿನ ಮೇಲೆ ಬೀಳುತ್ತದೆ, ನೀರಿನ ಒತ್ತಡ ಏರುತ್ತದೆ, ಕಣಗಳ ನಡುವಣ ಹಿಡಿತ ತಪ್ಪುತ್ತದೆ. ಗಟ್ಟಿನೆಲವು ಗಂಜಿಯಂತಾಗುತ್ತದೆ. ಇದನ್ನೇ ವಿಜ್ಞಾನಿಗಳು ದ್ರವೀಕರಣವೆನ್ನುತ್ತಾರೆ.

ನೆಲವು ದ್ರವಿಸುವುದೇ ಎಂಬ ಪ್ರಶ್ನೆಗಿಂತ, ದ್ರವಿಸಿದರೆ ಎಷ್ಟು ದೂರ ಸರಿಯುವುದೆಂಬ ಪ್ರಶ್ನೆ ಕಠಿಣವಾದುದು. ಇದಕ್ಕೆ ಗಣಕಯಂತ್ರದ ನೆರವು ಬೇಕು. ನೆಲವನ್ನು ಸಾವಿರಾರು ಪುಟ್ಟ ಚೌಕಗಳಾಗಿ ಕಲ್ಪಿಸಿ, ಸೆಕೆಂಡಿನ ಅತಿಸಣ್ಣ ಭಾಗಕ್ಕೊಮ್ಮೆ ಪ್ರತಿ ಚೌಕದ ಅಲುಗಾಟವನ್ನೂ ನೀರಿನ ಒತ್ತಡವನ್ನೂ ಒಟ್ಟಿಗೇ ಲೆಕ್ಕಹಾಕುತ್ತಾರೆ. 1941ರಲ್ಲಿ ಮಾರಿಸ್ ಬಿಯೊ ರೂಪಿಸಿದ ಸಮೀಕರಣಗಳೇ ಇದಕ್ಕೆ ತಳಹದಿ.

ತೊಡಕಿರುವುದು ಮರಳಿನ ಸ್ವಭಾವದಲ್ಲಿ. ಮೊದಲು ಕುಗ್ಗಲೆಳಸುವ ಮರಳು ಹೆಚ್ಚು ಜರುಗಿದೊಡನೆ ಹಿಗ್ಗಲೆಳಸುತ್ತದೆ. ಕಣಗಳು ಒಂದರ ಮೇಲೊಂದು ಏರಿದಾಗ ನೀರಿನ ಒತ್ತಡ ತಗ್ಗಿ, ನೆಲ ಕ್ಷಣಕಾಲ ಬಿಗಿಯಾಗುತ್ತದೆ. ಕಂಪನವು ದಿಕ್ಕು ಬದಲಿಸಿದಾಗ ಮತ್ತೆ ಸಡಿಲ. ಹೀಗೆ ಹೆಜ್ಜೆಹೆಜ್ಜೆಯಾಗಿ ಜರುಗಿ, ಅಲ್ಪ ಇಳಿಜಾರಿನ ನೆಲವೂ ಹಲವು ಮೀಟರು ಸರಿದೀತು. 1990ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಮರಳಿನ ಮಾದರಿಗಳನ್ನು ಕುಲುಕುವ ಪ್ರಯೋಗಗಳಿಗೆ ಮುನ್ನವೇ ಹಲವು ತಂಡಗಳಿಂದ ಫಲವನ್ನು ಲೆಕ್ಕಹಾಕಿಸಿದರು. ಉತ್ತರಗಳು ಒಂದಕ್ಕೊಂದು ಬಹಳ ಭಿನ್ನವಾಗಿದ್ದುವು. ಅಂದಿನಿಂದ ಸೂತ್ರಗಳನ್ನು ತಿದ್ದುವ ಕಾರ್ಯ ನಡೆಯುತ್ತಲೇ ಬಂದಿದೆ.

ಈ ಲೆಕ್ಕದ ಹಿಂದೆ ಜೀವಗಳ ಪ್ರಶ್ನೆಯಿದೆ. 1971ರ ಫೆಬ್ರವರಿ 9ರಂದು ಕ್ಯಾಲಿಫೋರ್ನಿಯದ ಲೋಯರ್ ಸ್ಯಾನ್ ಫರ್ನಾಂಡೋ ಅಣೆಕಟ್ಟಿನ ನೆತ್ತಿಯು ಜಲಾಶಯದೊಳಕ್ಕೆ ಜಾರಿತು. ನೀರಿನ ಮಟ್ಟಕ್ಕಿಂತ ಮೇಲೆ ಸುಮಾರು ಒಂದೂವರೆ ಮೀಟರು ಬಿರುಕುಬಿಟ್ಟ ಮಣ್ಣಷ್ಟೇ ಉಳಿದಿತ್ತು. ಕೆಳಗಿದ್ದ ಸುಮಾರು 80,000 ಜನರನ್ನು ಮನೆ ಬಿಡಿಸಬೇಕಾಯಿತು. 2001ರ ಜನವರಿ 26ರಂದು ನಮ್ಮ ಕಛ್ ಪ್ರದೇಶದ ಮಣ್ಣಿನ ಅಣೆಗಳು ಜಖಂಗೊಂಡಾಗ ಜಲಾಶಯಗಳಲ್ಲಿ ನೀರು ತಗ್ಗಿದ್ದುದು ಪುಣ್ಯವೇ ಸರಿ.

ನಿಗಾಟಾದಲ್ಲಿಯೇ, ಮೊದಲೇ ಕಂಪನದಿಂದ ಮರಳನ್ನು ಒತ್ತಾಗಿಸಿದ್ದ ಕಡೆ ಹಾನಿ ಕಡಿಮೆಯಾಗಿತ್ತು. ಎಲ್ಲಿ, ಎಷ್ಟು ಆಳಕ್ಕೆ ಹಾಗೆ ಒತ್ತಾಗಿಸಬೇಕೆಂಬುದನ್ನು ಭೂಮಿ ನಡುಗುವ ಮುನ್ನವೇ ಹೇಳುವುದು ಈ ಗಣಿತದ ಹೊಣೆ.