ಖಾಲಿ ಪೆಟ್ಟಿಗೆಯ ಕರೆ

ಅಚ್ಚುಕಟ್ಟಾದ ಗೃಹಿಣಿಯ ಅಡುಗೆಮನೆಯಲ್ಲಿ ತೊಗರಿಬೇಳೆಗೆ ಎರಡು ಡಬ್ಬಿಗಳುಂಟು. ಒಂದು ಬರಿದಾದೊಡನೆ ಎರಡನೆಯದರ ಮುಚ್ಚಳ ತೆರೆಯುತ್ತದೆ; ದಿನಸಿಯ ಚೀಟಿಗೆ ಬೇಳೆಯ ಹೆಸರು ಸೇರುತ್ತದೆ. ಮೂಟೆಗಟ್ಟಲೆ ಕೂಡಿಟ್ಟು ಹುಳು ಹಿಡಿಸಬೇಕಾಗಿಲ್ಲ. ಎಸರು ಕುದಿಯುತ್ತಿರುವಾಗ ನೆರೆಮನೆಗೆ ಓಡಬೇಕಾಗಿಯೂ ಇಲ್ಲ. ಜಪಾನಿನ ಒಂದು ಕಾರ್ಖಾನೆ ಇಂಥದೇ ಸೂತ್ರವನ್ನು ಹಿಡಿದು ಲೋಕಪ್ರಸಿದ್ಧವಾಯಿತೆಂದರೆ ಅಚ್ಚರಿಯಾಗಬಹುದು.

ಎರಡನೆಯ ಮಹಾಯುದ್ಧದ ತರುವಾಯ ಟೊಯೋಟಾ ಮೋಟಾರು ಸಂಸ್ಥೆ ಕಡುಕಷ್ಟಕ್ಕೆ ಸಿಕ್ಕಿತ್ತು. ಸಾಲದ ಹೊರೆ, ಕಾರ್ಮಿಕರ ಮುಷ್ಕರಗಳ ನಡುವೆ ೧೯೫೦ರಲ್ಲಿ ಸಂಸ್ಥಾಪಕ ಕಿಯಿಚಿರೊ ಟೊಯೋಡಾ ಅಧ್ಯಕ್ಷಪದವಿಯನ್ನೇ ತ್ಯಜಿಸಬೇಕಾಯಿತು. ಅಂಥ ಸ್ಥಿತಿಯಲ್ಲಿ ಬಿಡಿಭಾಗಗಳ ರಾಶಿ ಹಾಕುವುದೆಂದರೆ ಇದ್ದ ಅಲ್ಪ ಹಣವನ್ನೂ ನೆಲದಲ್ಲಿ ಹೂತಿಟ್ಟಂತೆ.

ಯಂತ್ರಶಾಲೆಯ ಹೊಣೆ ಹೊತ್ತಿದ್ದ ತಾಯಿಚಿ ಓನೋ (೧೯೧೨–೧೯೯೦) ಅವರಿಗೆ ದಾರಿ ತೋರಿಸಿದುದು ಅಮೆರಿಕದ ಸೂಪರ್ ಮಾರ್ಕೆಟ್ಟಿನ ಪದ್ಧತಿ. ಅಲ್ಲಿ ಗಿರಾಕಿ ಬೇಕಾದುದನ್ನು ಬೇಕಾದಷ್ಟೇ ಎತ್ತಿಕೊಳ್ಳುತ್ತಾನೆ. ಅಂಗಡಿಯವನು ತೆರವಾದ ಜಾಗವನ್ನಷ್ಟೇ ತುಂಬುತ್ತಾನೆ. ಕಾರ್ಖಾನೆಯಲ್ಲಿ ಮುಂದಿನ ಹಂತವೇ ಗಿರಾಕಿ, ಹಿಂದಿನ ಹಂತವೇ ಅಂಗಡಿ ಎಂದು ಭಾವಿಸಿ, ಓನೋ ೧೯೫೩ರಲ್ಲಿ ತಮ್ಮ ಯಂತ್ರಶಾಲೆಯಲ್ಲಿ ಈ ಕ್ರಮವನ್ನು ಜಾರಿಗೆ ತಂದರು.

ಇದರ ಜೀವಾಳ ‘ಕಾನ್‌ಬಾನ್’ ಎಂಬ ಚೀಟಿ. ಭಾಗದ ಹೆಸರೇನು, ಪೆಟ್ಟಿಗೆಯಲ್ಲಿ ಎಷ್ಟಿರಬೇಕು, ಎಲ್ಲಿಂದ ಎಲ್ಲಿಗೆ ಹೋಗಬೇಕು ಎಂಬುದೆಲ್ಲ ಅದರಲ್ಲಿರುತ್ತದೆ. ಚೀಟಿಯಿಲ್ಲದೆ ಯಾವ ಭಾಗವೂ ಸ್ಥಳ ಬಿಟ್ಟು ಕದಲಕೂಡದು. ಕೆಲಸಗಾರನೊಬ್ಬನಿಗೆ ಗಂಟೆಗೆ ೬೦ ಭಾಗಗಳು ಬೇಕೆನ್ನೋಣ. ಪೆಟ್ಟಿಗೆಯಲ್ಲಿ ಹಿಡಿಯುವುದು ೧೦. ಖಾಲಿ ಪೆಟ್ಟಿಗೆ ಹೋಗಿ ತುಂಬಿದುದು ಬರಲು ಅರ್ಧ ಗಂಟೆ. ಅಷ್ಟರಲ್ಲಿ ೩೦ ಭಾಗಗಳು ಮುಗಿಯುತ್ತವೆ. ಆದುದರಿಂದ ಮೂರು ಪೆಟ್ಟಿಗೆ, ಆಪತ್ತಿಗೆಂದು ಇನ್ನೊಂದು. ಒಟ್ಟು ನಾಲ್ಕು ಪೆಟ್ಟಿಗೆ, ನಾಲ್ಕು ಚೀಟಿ. ಐದನೆಯದಕ್ಕೆ ಎಡೆಯಿಲ್ಲ.

ಪೆಟ್ಟಿಗೆಗಳನ್ನು ಹೊತ್ತು ತಿರುಗುವವನಿಗೆ ಜಪಾನೀಯರು ‘ಮಿಜುಸುಮಾಶಿ’ ಎನ್ನುತ್ತಾರೆ. ನೀರಿನ ಮೇಲೆ ಗಿರಗಿರನೆ ಸುತ್ತುವ ಒಂದು ಕೀಟದ ಹೆಸರದು. ಗೊತ್ತಾದ ದಾರಿಯಲ್ಲಿ, ಗೊತ್ತಾದ ವೇಳೆಗೆ ಸುತ್ತುತ್ತ ಆತ ಖಾಲಿಯಾದುದನ್ನು ಒಯ್ದು ತುಂಬಿದುದನ್ನು ಇಟ್ಟುಹೋಗುತ್ತಾನೆ. ನುರಿತ ಕುಶಲಕರ್ಮಿ ತಿರುಪಿಗಾಗಿ ಉಗ್ರಾಣದ ಬಾಗಿಲಲ್ಲಿ ಕಾಯುವ ಪ್ರಸಂಗ ತಪ್ಪುತ್ತದೆ.

ಆದರೆ ಈ ಮಿತವ್ಯಯಕ್ಕೂ ಬೆಲೆಯುಂಟು. ೧೯೯೭ರ ಫೆಬ್ರವರಿ ೧ರಂದು ಬ್ರೇಕಿನ ಒಂದು ಸಣ್ಣ ಕವಾಟವನ್ನು ಒದಗಿಸುತ್ತಿದ್ದ ಐಸಿನ್ ಸಂಸ್ಥೆಯ ಕಾರ್ಖಾನೆಗೆ ಬೆಂಕಿ ಬಿದ್ದಿತು. ಟೊಯೋಟಾದ ಬಳಿ ಇದ್ದುದು ತೀರ ಅಲ್ಪ ದಾಸ್ತಾನು. ಕೆಲವೇ ದಿನಗಳಲ್ಲಿ ಜಪಾನಿನಲ್ಲಿದ್ದ ಅದರ ಕಾರ್ಖಾನೆಗಳು ಬಹುಮಟ್ಟಿಗೆ ಸ್ತಬ್ಧವಾದವು. ಇತರ ಸಂಸ್ಥೆಗಳು ಕೂಡಿ ಕವಾಟಗಳನ್ನು ತಯಾರಿಸಿಕೊಟ್ಟುದರಿಂದ ಸುಮಾರು ಒಂದು ವಾರದಲ್ಲಿ ಕೆಲಸ ಮತ್ತೆ ಸಾಗಿತು. ದಾಸ್ತಾನು ಕಡಿಮೆಯಾದಷ್ಟೂ ಪರಸ್ಪರ ನೆರವು ಹೆಚ್ಚಬೇಕೆಂಬುದಕ್ಕೆ ಇದೇ ನಿದರ್ಶನ.

ಇದೇ ಸಂಸ್ಥೆ ಕಿರ್ಲೋಸ್ಕರ್ ಬಳಗದೊಡನೆ ಕೂಡಿ ಬೆಂಗಳೂರಿನ ಸಮೀಪದ ಬಿಡದಿಯಲ್ಲಿ ಕಟ್ಟಿದ ಕಾರ್ಖಾನೆಯಲ್ಲಿ ೧೯೯೯ರಿಂದ ವಾಹನಗಳು ತಯಾರಾಗುತ್ತಿವೆ. ಆದರೆ ಈ ವಿದ್ಯೆಗೆ ದೊಡ್ಡ ಬಂಡವಾಳವೇ ಬೇಕೆಂದಿಲ್ಲ. ಹತ್ತು ಜನರ ಯಂತ್ರಶಾಲೆಗೂ ಎರಡೆರಡು ಪೆಟ್ಟಿಗೆ, ಒಂದೊಂದು ಚೀಟಿ ಸಾಕು. ಚೀಟಿಯನ್ನು ಜೇಬಿನಲ್ಲಿ ಮರೆಯದೆ ಅದರ ಸ್ಥಾನದಲ್ಲಿಡುವ ಶಿಸ್ತನ್ನು ಮಾತ್ರ ಯಾವ ಅಂಗಡಿಯಲ್ಲಿಯೂ ಕೊಳ್ಳಲಾಗದು.